ಧಾರೆ ಸೀರೆಯ ಹೊಗೆ

ಕೊಳ್ಳೇಗಾಲ
೧೨ ಜೂನ್ ೨೦೨೪

ಮಗಳು ಇಂಚರಳಿಗೆ ಅವ್ವ ಮಾಡುವ ಆಶೀರ್ವಾದ.

ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು ಹಿಟ್ಟಿನ ಗಿರಣಿಯ ಹಾಗೆ ಓಡುತ್ತೀಯ. ನನ್ನ ಬಾಯಿಗೆ ಮಾತು ಬರುವಷ್ಟರಲ್ಲಿ ‘ಸರಿ ಅವ್ವ, ಉಂಡು ಮಲಗು’ ಎಂದು ಇಟ್ಟುಬಿಡುತ್ತೀಯ. ಇನ್ನು ಮೇಲೆ ನಾನು ಬರೆಯುತ್ತೇನೆ, ನೀನೂ ಬರೆ. ಏಳನೇ ಕ್ಲಾಸಿನವರೆಗೆ ಓದಿದ್ದು ದಂಡವಾಗಬಾರದಲ್ಲ. ಅವಸರದ ಮಾತಿದ್ದರೆ ನಿಮ್ಮಪ್ಪನ ಹತ್ತಿರ ಆಡು.

ಯಳಂದೂರಿನವರು ಒಪ್ಪಿಗೆ ಹೇಳಿಕಳಿಸಿದ್ದಾರೆ. ನೀನೂ ನಟರಾಜುವೂ ಮೈಸೂರಿನಲ್ಲಿ ಓದುವಾಗಲೇ ಒಪ್ಪಿಕೊಂಡು ಕೂತಿದ್ದಿರಿ, ಹಿರಿಯರದ್ದೊಂದು ಬಾಕಿ ಇತ್ತು. ಮಾಘದಲ್ಲಿ ಮದುವೆ ಎಂದು ಮಾತಾಗಿದೆ.

ನಿನ್ನ ಪುಣೆಯ ಕೆಲಸ ಏನೆಂದು ಕೇಳಿದವರಿಗೆ ಹೇಳಲಾರದೆ ಸಾಕಾಯಿತು. ಪಕ್ಕದ ಮನೆ ಪುಟ್ಟಮಲ್ಲಮ್ಮ ನಿನ್ನೆ ನಾನು ಒಲೆಗೆ ಸೌದೆ ತುರುಕುತ್ತಿದ್ದಾಗ ಬಂದು, “ಏನವ್ವ ಚಾಮುಂಡಿ, ನಿನ್ ಮಗ್ಳು ಒಗೆ ಅಳಿಯೋ ಕೆಲ್ಸಕ್ಕೆ ಸೇರ್ಕಂಡವ್ಳಂತಲ್ಲ! ಒಗೇಗೂ ಸಂಬ್ಳ ಕೊಟ್ಟಾರಾ? ಅಂಗಿದ್ರೆ ನಿಂಗೇ ಮೊದ್ಲು ಕೊಡ್ಬೇಕಾಗಿತ್ತು ಬುಡು” ಎಂದಳು. ನಾನೂ ನಕ್ಕೆ. ಹೊಗೆ ಅಳೆಯುವುದೆಂದರೆ ಅದೇನು ಕೆಲಸ, ನನಗೆ ಅರ್ಥವಾಗುವ ಹಾಗೆ ಬರೆ.

ಇನ್ನೊಂದು. ಧಾರೆ ಸೀರೆ ಅಂಗಡಿಯದೋ, ಮನೆ ನೂಲಿನದೋ? ಮನೆ ನೂಲಿನದಾದರೆ ಈಗಿಂದಲೇ ಒಳ್ಳೆಯ ರೇಷ್ಮೆ ಗೂಡಿಗೆ ಹೇಳಿಡಬೇಕು. ನಾಚಿಕೊಳ್ಳದೆ ಹೇಳು.

ಒಲೆಯ ಮುಂದಿನಿಂದ,
ನಿನ್ನ ಅವ್ವ ಚಾಮುಂಡಮ್ಮ


ಪುಣೆ
೨೬ ಜೂನ್ ೨೦೨೪

ಅವ್ವ, ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಅಕ್ಷರ ಇಷ್ಟು ದುಂಡಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಾಗದವನ್ನು ಆಫೀಸಿಗೂ ತೆಗೆದುಕೊಂಡು ಹೋಗಿದ್ದೆ.

ಕೆಲಸದ ವಿಷಯ. ನಿನ್ನ ಒಲೆಯನ್ನೇ ತೆಗೆದುಕೋ. ನೀನು ಸೌದೆ ಉರಿಸಿ, ಬಿಸಿನೀರಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುತ್ತೀಯ. ನೂಲು ಕಂಚಿಗೆ ಹೋಗುತ್ತದೆ. ಅಲ್ಲಿ ಸೀರೆಯಾಗಿ ಮುಂಬೈಗೆ ಹೋಗುತ್ತದೆ. ಅಲ್ಲಿ ಯಾವಳೋ ಅದನ್ನುಟ್ಟು ಮದುವೆಯಾಗುತ್ತಾಳೆ. ಈಗ ಹೇಳು, ಆ ಸೀರೆಯ ಹೊಗೆ ಯಾರದು? ಎಲ್ಲಿ ಒಲೆ ಉರಿಯಿತೋ ಆ ಊರಿನದು ಎಂದು ಬರೆದುಕೊಳ್ಳುವುದು ಹಳೆಯ ರೂಢಿ. ಹಾಗಾಗಿ ಮಾಡಿ ಕಳಿಸುವ ಊರುಗಳು ಕೊಳಕು, ತರಿಸಿಕೊಂಡು ಉಡುವ ಊರುಗಳು ಚೊಕ್ಕಟ ಎಂದು ಕಾಣುತ್ತದೆ. ರೇಷ್ಮೆಯೊಂದೇ ಅಲ್ಲ. ಸಿಮೆಂಟು, ಕಬ್ಬಿಣ, ಸಕ್ಕರೆ, ಕರೆಂಟು, ಎಲ್ಲದರದ್ದೂ ಇದೇ ಕಥೆ. ಯಾವ ರಾಜ್ಯದಿಂದ ಯಾವ ರಾಜ್ಯಕ್ಕೆ ಏನು ಹೋಯಿತು, ಅದರೊಳಗೆ ಎಷ್ಟು ಹೊಗೆ ಅಡಗಿತ್ತು ಎಂದು ನೋಡಿ, ಉಟ್ಟವರ, ಉಂಡವರ ಹೆಸರಿಗೆ ಅದನ್ನು ಬರೆಯುವುದೇ ನಮ್ಮ ಕೆಲಸ. ಅಂದರೆ ನಿನ್ನ ಒಲೆಯ ಹೊಗೆ ನಿನ್ನದಲ್ಲ ಅವ್ವ. ಉಟ್ಟವಳದು. ಪುಟ್ಟಮಲ್ಲಮ್ಮನಿಗೂ ಹಾಗೆಂದು ಹೇಳು.

ಸೀರೆಯ ವಿಷಯ ಕೇಳಬೇಕೇ? ಅಜ್ಜಿ ನಿನಗೆ ಕೊಟ್ಟ ಹಾಗೆ, ನಿನ್ನ ಕೈ ನೂಲು, ರಂಗರಾಜು ಮಾವನ ಮಗ್ಗ. ಅಂಗಡಿ ಸೀರೆ ತಂದಿಟ್ಟರೆ ಹಸೆಮಣೆಯಿಂದ ಎದ್ದು ಬಂದುಬಿಡುತ್ತೇನೆ, ನೋಡಿಕೋ.

ಮುತ್ತುಗಳೊಂದಿಗೆ,
ಇಂಚರ


ಕೊಳ್ಳೇಗಾಲ
೧೮ ಆಗಸ್ಟ್ ೨೦೨೪

ಮುದ್ದು ಮಗಳೇ,

ಆಷಾಢದಲ್ಲಿ ಮದುವೆಯ ಮಾತು ಬರೆಯಬಾರದೆಂದು ಕೈ ಕಟ್ಟಿಕೊಂಡಿದ್ದೆ. ಶ್ರಾವಣ ಬಂತು, ಬರೆಯುತ್ತಿದ್ದೇನೆ.

ನಿನ್ನ ಕೆಲಸ ಈಗ ತಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದರು, ನೀವು ಎತ್ತನ್ನು ಹುಡುಕಿ ಹಾಕುತ್ತೀರಿ. ಒಳ್ಳೆಯದೇ. ಆದರೆ ನಿನ್ನ ಪಟ್ಟಿಯಲ್ಲಿ ಹೊಗೆ ಮುಂಬೈಗೆ ಹೋಯಿತು ಎಂದೇ ಇಟ್ಟುಕೋ, ನನ್ನ ಗೋಡೆಯ ಮಸಿ ಒರೆಸುವುದಕ್ಕೆ ಆ ಮುಂಬೈಯವಳು ಬರುತ್ತಾಳಾ? ನೂಲಿಗೆ ಲಾರಿ ಉಂಟು, ಹೊಗೆಗೆ ಬಸ್ಸೂ ಇಲ್ಲ. ಅದು ನನ್ನ ಸೆರಗು ಹಿಡಿದುಕೊಂಡು ಇಲ್ಲೇ ಕೂತಿದೆ.

ನನ್ನ ಕೈ ನೂಲಿನ ಸೀರೆಯೇ ಬೇಕೆಂದೆಯಲ್ಲ, ಆ ಸಾಲನ್ನು ನಿಮ್ಮಪ್ಪನ ಕೈಯಲ್ಲಿ ಎರಡು ಸಲ ಓದಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅವರು ನಕ್ಕರು. ನಮ್ಮ ಮನೆಯ ಕಟ್ಟಳೆ ನಿನಗೆ ಪೂರ್ತಿ ಗೊತ್ತಿಲ್ಲ, ಕೇಳು. ಮಗಳ ಧಾರೆ ಸೀರೆಯ ನೂಲನ್ನು ಹೆತ್ತವಳೇ ಬಿಚ್ಚಬೇಕು. ಒಲೆಗೆ ಅರಿಶಿನ ಕುಂಕುಮ ಇಟ್ಟು ಕೂತರೆ ಹಾಕಿದ ಗೂಡು ಮುಗಿಯುವವರೆಗೆ ಏಳುವ ಹಾಗಿಲ್ಲ, ಎಳೆಯ ತುದಿಯನ್ನು ಇನ್ನೊಬ್ಬರು ಹಿಡಿಯುವ ಹಾಗಿಲ್ಲ. ಒಲೆಯೂ ತನ್ನದಾಗಿರಬೇಕು, ಇಲ್ಲವೇ ತವರಿನದಾಗಿರಬೇಕು. ನಮ್ಮವ್ವ ನನ್ನ ಸೀರೆಗೆ ಕೂತಾಗ ನಾನು ಮೊರದಿಂದ ಗಾಳಿ ಹಾಕುತ್ತಿದ್ದೆ. ಮಧ್ಯೆ ನಾನು ಕೂರುತ್ತೇನೆ ಎಂದಿದ್ದಕ್ಕೆ ಸೌದೆ ಎತ್ತಿಕೊಂಡು ಬಂದಿದ್ದಳು!

ಮುಳ್ಳೂರಿನವರ ಗೂಡಿಗೆ ಹೇಳಿಟ್ಟಿದ್ದೇನೆ. ಚಳಿ ಬಿದ್ದ ಮೇಲೆ ಕೂರುತ್ತೇನೆ. ಸ್ವಲ್ಪ ಕೆಮ್ಮಿದೆ, ಮಳೆಗಾಲವಲ್ಲವೇ, ಹೋಗುತ್ತದೆ.

ಅವ್ವ


ಕೊಳ್ಳೇಗಾಲ
೧೧ ಸೆಪ್ಟೆಂಬರ್ ೨೦೨೪

ಮಗಳು ಇಂಚರಳಿಗೆ ರಂಗರಾಜು ಮಾವ ಬರೆಯುವುದು.

ನಾನು ಬರೆದೆ ಎಂದು ನಿಮ್ಮವ್ವನಿಗೆ ಹೇಳಬೇಡ. ಮಗ್ಗದ ಗುಂಡಿಗೆ ನನ್ನನ್ನೇ ತಳ್ಳಿ ಮಣ್ಣು ಮುಚ್ಚುತ್ತಾಳೆ. ಆದರೂ ಬರೆಯದೆ ಇರಲಾಗಲಿಲ್ಲ.

ಗೌರಿ ಹಬ್ಬದ ದಿನ ನೀನು ಫೋನು ಮಾಡಿದಾಗ ‘ಅವ್ವ ಬಾಗಿನ ಕೊಡೋಕೆ ಓಗವ್ಳೆ’ ಎಂದು ಭಾವ ಹೇಳಿದರಲ್ಲ, ಅವಳು ಪಕ್ಕದಲ್ಲೇ ಕೂತಿದ್ದಳು. ಮಾತಾಡಲು ಉಸಿರು ಸಾಲದು. ನಾಲ್ಕು ಮಾತು ಆಡಿದರೆ ತೇಕು ಬರುತ್ತದೆ. ಕಾಗದ ಬರೆಯಲು ಶುರು ಮಾಡಿದ್ದೂ ಅದಕ್ಕೇ. ನಿನಗೆ ತಿಳಿಯಬಾರದು ಎಂದು.

ಹಬ್ಬ ಮುಗಿದ ಮೇಲೆ ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಫೋಟೋ ನೋಡಿ, “ಬೀಡಿ ಸೇದ್ತಾ ಇದ್ರೇನಮ್ಮ?” ಎಂದು ಕೇಳಿದರು. ನಿಮ್ಮವ್ವನ ಬಾಯಿ ಗೊತ್ತಲ್ಲ. “ಬೀಡಿ ಇಲ್ಲ ಸಾ, ಸೌದೆ ಸೇದ್ತಿನಿ” ಅಂದಳು. ಡಾಕ್ಟರು ನಗಲಿಲ್ಲ. ನನ್ನನ್ನು ಆಚೆ ಕರೆದು, ಶ್ವಾಸಕೋಶ ಒಣಗಿ ಗಟ್ಟಿಯಾಗಿದೆ, ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಇನ್ನು ಒಲೆಯ ಮುಂದೆ ಕೂರಲೇಬಾರದು ಎಂದರು. ಬಸ್ಸಿನಲ್ಲಿ ಬರುವಾಗ ಅಷ್ಟನ್ನೂ ಹೇಳಿದೆ. “ಸುಮ್ನಿರ್ಲಾ, ಮಗ್ಳ ಸೀರೆದೊಂದು ಮುಗೀಲಿ” ಎಂದು ಕಿಟಕಿಯ ಕಡೆ ತಿರುಗಿಕೊಂಡಳು.

ನಾನು ಹೇಳಿದರೆ ಕೇಳುವುದಿಲ್ಲ. ನೀನು ಹೇಳು, ಮಗಳೇ.

ನಿನ್ನ ಮಾವ,
ರಂಗರಾಜು


ಪುಣೆ
೧೯ ಸೆಪ್ಟೆಂಬರ್ ೨೦೨೪

ಅವ್ವ,

ಯಾರು ಹೇಳಿದರು ಎಂದು ಕೇಳಬೇಡ. ನನಗೆ ಗೊತ್ತಾಗಿದೆ.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಮೂರು ತಿಂಗಳಿನಿಂದ ನಿನ್ನ ದನಿ ಕೇಳಿಲ್ಲ ನಾನು. ಎಷ್ಟು ಚೆನ್ನಾಗಿ ಬರೆಯುತ್ತಾಳೆ ನಮ್ಮವ್ವ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ನನಗೆ ಬುದ್ಧಿ ಬೇಡವೇ!

ನನಗೆ ಸೀರೆ ಬೇಡ. ಮನೆ ನೂಲಿನದು ಬೇಡ, ರೇಷ್ಮೆಯೇ ಬೇಡ. ಹತ್ತಿ ಸೀರೆ ಉಟ್ಟು ಧಾರೆಗೆ ನಿಲ್ಲುತ್ತೇನೆ. ನಟರಾಜುಗೂ ಹೇಳಿದ್ದೇನೆ. “ಅತ್ತೆ ನಗ್ತಾ ಮುಂದೆ ನಿಂತಿದ್ರೆ ಸಾಕು, ನೀ ಗೋಣಿಚೀಲ ಸುತ್ಕಂಡು ಬಂದ್ರೂ ತಾಳಿ ಕಟ್ತೀನಿ” ಅಂದ. ಮುಳ್ಳೂರಿನವರಿಗೆ ಗೂಡು ಬೇಡವೆಂದು ಹೇಳಿಕಳಿಸು.

ದಸರೆಗೆ ಬರುತ್ತಿದ್ದೇನೆ. ಬಂದ ದಿನವೇ ಆ ಒಲೆ ಒಡೆಸುತ್ತೇನೆ. ಇದರಲ್ಲಿ ಕಟ್ಟಳೆಯೂ ಇಲ್ಲ, ಚೌಕಾಸಿಯೂ ಇಲ್ಲ. ನನಗೆ ನೀನು ಬೇಕು ಅವ್ವ. ಅಷ್ಟೇ.

ಇಂಚರ


ಕೊಳ್ಳೇಗಾಲ
೨೪ ಅಕ್ಟೋಬರ್ ೨೦೨೪

ಮಗಳೇ,

ನೀನು ಬಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಒಲೆಯಿದ್ದ ಜಾಗದಲ್ಲಿ ಪುಟ್ಟಮಲ್ಲಮ್ಮನ ಕೋಳಿಗಳು ಮಣ್ಣು ಕೆದಕುತ್ತವೆ. ನೀನು ಹಾರೆ ಎತ್ತಿ ಮೊದಲ ಏಟು ಹಾಕಿದಾಗ ನಿನ್ನ ಮುಖ ನೋಡಿದೆ. ಎಂಟನೇ ಕ್ಲಾಸಿನಲ್ಲಿ ಓಟದಲ್ಲಿ ಗೆದ್ದು ಬಂದಿದ್ದೆಯಲ್ಲ, ಹಾಗೇ ಇತ್ತು. ಅದಕ್ಕೇ ನಿನ್ನ ಕೈ ತಡೆಯಲಿಲ್ಲ. ಮದುವೆಯಾಗಿ ಬಂದಾಗ ನಿಮ್ಮಪ್ಪ ಕಟ್ಟಿಕೊಟ್ಟ ಒಲೆ ಅದು. ಇರಲಿ. ಒಳ್ಳೆಯದಕ್ಕೇ ಮಾಡಿದೆ.

ನಿಮ್ಮಪ್ಪ ಗೋಡೆಗೆ ಸುಣ್ಣ ಹೊಡೆಸಿದರು. ಎರಡು ದಿನಕ್ಕೆ ಮಸಿ ಮತ್ತೆ ಮೇಲೆದ್ದು ಬಂತು. ಪುಟ್ಟಮಲ್ಲಮ್ಮ, “ಆ ಗ್ವಾಡೆ ಸಾಯೋಗಂಟ ಅಂಗೇಯಾ ಕಣವ್ವ” ಅಂದಳು.

ಮಾತ್ರೆ ನುಂಗುತ್ತಿದ್ದೇನೆ. ಆವಿಯ ಮಿಷನ್ನೂ ಹಿಡಿಯುತ್ತೇನೆ. ಕೆಲಸವಿಲ್ಲದ ಕೈ ಮಾತ್ರ ಸುಮ್ಮನಿರದು. ಗಾಳಿಯಲ್ಲೇ ಎಳೆ ಹುಡುಕುತ್ತಿರುತ್ತದೆ ಎಂದು ನಿಮ್ಮಪ್ಪ ಆಡಿಕೊಳ್ಳುತ್ತಾರೆ.

ಒಂದು ಮಾತು ಕೇಳಬೇಕೆಂದುಕೊಂಡು ನೀನು ಬಂದಾಗ ಮರೆತೆ. ಮಾಡಿದ ಊರಿಗೊಂದು ಸಾಲು, ಉಟ್ಟ ಊರಿಗೊಂದು ಸಾಲು ಎಂದೆಯಲ್ಲ. ಒಲೆಯ ಮುಂದೆ ಕೂತವಳಿಗೆ ನಿನ್ನ ಪಟ್ಟಿಯಲ್ಲಿ ಸಾಲಿದೆಯಾ? ಸುಮ್ಮನೆ ಕೇಳಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ಅವ್ವ


ಪುಣೆ
೭ ನವೆಂಬರ್ ೨೦೨೪

ಅವ್ವ,

ನಿನ್ನ ಪ್ರಶ್ನೆಯನ್ನು ನಮ್ಮ ಮೇಡಂ ಹತ್ತಿರವೂ ಕೇಳಿದೆ. ಅವರು ಇಲ್ಲ ಎಂದರು. ನಾವು ಎಣಿಸುವುದು ಆಕಾಶಕ್ಕೆ ಹೋದ ಹೊಗೆಯನ್ನು. ಎದೆಗೆ ಹೋದದ್ದಕ್ಕೆ ನಮ್ಮಲ್ಲಿ ಸಾಲಿಲ್ಲ. ನಿನಗೆ ಸುಳ್ಳು ಹೇಳಲಾರೆ.

ಈಗ ಇನ್ನೊಂದು ಸಮಸ್ಯೆಯ ಹಿಂದೆ ಬಿದ್ದಿದ್ದೇವೆ. ಒಂದು ಊರಿನಲ್ಲಿ ಒಲೆ ಆರಿಸಿದರೆ ಆ ಊರಿನ ಪಟ್ಟಿ ಚೊಕ್ಕಟವಾಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಉಡುವವರ ಆಸೆ ಹಾಗೇ ಇದ್ದರೆ ಅದೇ ಒಲೆ ಪಕ್ಕದ ಊರಿನಲ್ಲಿ ಹೊತ್ತಿಕೊಳ್ಳುತ್ತದೆ. ಹೊಗೆ ಕಡಿಮೆಯಾಗಿರುವುದಿಲ್ಲ, ಜಾಗ ಬದಲಾಯಿಸಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅದನ್ನು ಹಿಡಿಯುವುದೇ ಕಷ್ಟ.

ನೀನು ಮಾತ್ರ ಹುಷಾರು. ನಿನಗೆ ಬೇಕಾದ್ದು ಏನಾದರೂ ಇದ್ದರೆ ಬರೆ. ಆರಿದ ಒಲೆಯ ಮನೆಯಲ್ಲಿ ನೀನು ಬಿಸಿಲು ಕಾಯಿಸಿಕೊಂಡು ಕೂತಿರುವುದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುತ್ತದೆ.

ಇಂಚರ


ಹನೂರಿನಿಂದ
೧೫ ಡಿಸೆಂಬರ್ ೨೦೨೪

ಮಗಳೇ,

ತವರಿಗೆ ಬಂದಿದ್ದೇನೆ. ನಿನ್ನ ದೊಡ್ಡವ್ವನ ಜೊತೆ ಇದ್ದೇನೆ. ಬೆಟ್ಟದ ಗಾಳಿ. ಚೆನ್ನಾಗಿದೆ. ಬದಲಾವಣೆ ಬೇಕಿತ್ತು.

ಹತ್ತಿ ಸೀರೆ ಎಂದೆ. ಬೇಡ. ಜನ ಆಡಿಕೊಳ್ಳುತ್ತಾರೆ. ಮಾವ ಮಾರ್ಕೆಟ್ಟಿನ ನೂಲು ತಂದು ನೇಯಲಿ. ಅದಕ್ಕೆ ಒಪ್ಪಿಕೋ. ನನಗೋಸ್ಕರ.

ಬಣ್ಣ ಹೇಳು. ಅರಿಶಿನಕ್ಕೆ ಕೆಂಪಂಚು ಆಗಬಹುದಾ? ನನ್ನದೂ ಅದೇ ಇತ್ತು.

ಅಕ್ಷರ ಸೊಟ್ಟ. ಚಳಿಗೆ. ಬೇರೇನಿಲ್ಲ.

ಅವ್ವ


ಕೊಳ್ಳೇಗಾಲ
೨೨ ಫೆಬ್ರವರಿ ೨೦೨೫

ಮಗಳು ಇಂಚರಳಿಗೆ ಅಪ್ಪ ಮುತ್ತಯ್ಯ ಬರೆಯುವುದು.

ನಿಮ್ಮವ್ವನ ತಿಥಿ ಮುಗಿಸಿ ನೀನು ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ, ‘ಅಪ್ಪ, ಅವ್ವ ಅಷ್ಟು ಚಳಿಯಲ್ಲಿ ಹನೂರಿಗೆ ಯಾಕೆ ಹೋಗಿದ್ದಳು, ಬಂದವಳು ಒಂದೇ ವಾರಕ್ಕೆ ಯಾಕೆ ಹಾಗಾದಳು’ ಎಂದು. ನಾನು ಬಸ್ಸು ಬಂತು ಹತ್ತು ಎಂದೆ. ನಿನ್ನ ಮುಖ ನೋಡಿಕೊಂಡು ಹೇಳುವ ಶಕ್ತಿ ನನಗಿರಲಿಲ್ಲ. ನಿಮ್ಮವ್ವ ಕಲಿಸಿದ ದಾರಿ ಇದೊಂದಿದೆ, ಬರೆಯುತ್ತಿದ್ದೇನೆ.

ಅವಳು ಗಾಳಿಗೆ ಹೋಗಿರಲಿಲ್ಲ. ನಿನ್ನ ಸೀರೆಯ ನೂಲು ಬಿಚ್ಚಲು ಹೋಗಿದ್ದಳು. ತವರಿನಲ್ಲಿ ನಿನ್ನ ಅಜ್ಜಿಯ ಹಳೆಯ ಒಲೆ ಹಾಗೇ ಇತ್ತು. ಮುಳ್ಳೂರಿನಿಂದ ಗೂಡಿನ ಚೀಲ ತಂದು, ಹನೂರಿನ ಬಸ್ಸಿಗೆ ಹಾಕಿಕೊಂಡು, ಬಸ್ಸಿಳಿದು ಹೊತ್ತುಕೊಂಡು ಹೋದವನು ನಾನೇ.

ಬೇಡವೆಂದೆ ಮಗಳೇ. ನಿನ್ನಾಣೆ, ಬೇಡವೆಂದೆ. “ಬ್ಯಾಡ ಕಣಮ್ಮಿ, ಮಗ್ಳು ಅಷ್ಟು ದೂರದಿಂದ ಬಂದು ಒಲೆ ಒಡ್ಸಿ ಓಗವ್ಳೆ” ಎಂದೆ. “ಅವ್ಳು ಒಡ್ಸಿದ್ದು ನಿಮ್ಮೊಲೆ. ಇದು ನಮ್ಮವ್ವನ ಒಲೆ” ಎಂದಳು. “ಒಲೆ ಮುಂದೆ ಕೂತ್ರೂ ಓಯ್ತೀನಿ, ಕೂರ್ದಿದ್ರೂ ಓಯ್ತೀನಿ. ಅವ್ಳು ಬಾಯ್ಬುಟ್ಟು ಕೇಳಿದ್ದು ಇದೊಂದೇಯಾ. ಕೊಟ್ಟು ಓಗ್ತೀನಿ ಬುಡಿ” ಎಂದಳು. ಇಷ್ಟು ಮಾತಾಡಿ ಅವಳಿಗೆ ಉಸಿರು ಹಿಡಿಯಿತು. ಆಮೇಲೆ ನಾನು ವಾದ ಮಾಡಲಿಲ್ಲ. ವಾದ ಮಾಡಿದರೆ ಉತ್ತರ ಕೊಡುತ್ತಾಳೆ, ಕೊಟ್ಟರೆ ಉಸಿರು ಹೋಗುತ್ತದೆ. ಸುಮ್ಮನೆ ಸೌದೆ ಸೀಳಿಕೊಟ್ಟೆ.

ಸ್ವಲ್ಪ ಸ್ವಲ್ಪ ಗೂಡು ಹಾಕಿಕೊಂಡು ದಿನಾ ಕೂರುತ್ತಿದ್ದಳು. ಹೊಗೆ ಅವಳ ಕಡೆ ತಿರುಗದ ಹಾಗೆ ನಾನು ಮೊರ ಬೀಸುತ್ತಿದ್ದೆ. ತಿರುಗುತ್ತಿತ್ತು. ಕೆಮ್ಮು ಬಂದರೂ ಎಳೆಯ ತುದಿ ಬಿಡುತ್ತಿರಲಿಲ್ಲ. ಮುಗಿದ ದಿನ ನೂಲಿನ ಲಡಿಯನ್ನು ಕೆನ್ನೆಗೆ ಒತ್ತಿಕೊಂಡು, “ನೋಡಿ, ಎಲ್ಲೂ ಗಂಟಿಲ್ಲ” ಎಂದಳು. ಅಷ್ಟು ಸಂತೋಷ ನಾನು ಅವಳ ಮುಖದಲ್ಲಿ ನೋಡಿ ವರ್ಷಗಳಾಗಿದ್ದವು.

ಮಾರ್ಕೆಟ್ಟಿನ ನೂಲು ಎಂದು ರಂಗರಾಜುಗೂ ಹೇಳಿಸಿದ್ದಳು. ಅವನು ಮುಟ್ಟಿದ ತಕ್ಷಣ ಇದು ಅಕ್ಕನ ಕೈ ಎಂದು ಅತ್ತನಂತೆ. ಸೀರೆ ನೇಯ್ದಾಯಿತು. ರವಿಕೆ ಹೊಲಿಸಿಕೊಳ್ಳಲೆಂದು ಪಾರ್ಸೆಲ್ ಮಾಡಿದ್ದೇನೆ. ಮದುವೆಯನ್ನು ವೈಶಾಖಕ್ಕೆ ಮುಗಿಸಿಬಿಡೋಣ, ವರ್ಷ ಕಾಯುವುದು ಬೇಡ ಎಂದು ಯಳಂದೂರಿನವರೂ ಹೇಳಿದ್ದಾರೆ. ಅವಳ ಆಸೆಯೂ ಅದೇ ಇತ್ತು.

ಚೀಲ ಹೊತ್ತವನು ನಾನು. ಬೈಯುವುದಾದರೆ ನನ್ನನ್ನು ಬೈಯಿ.

ನಿನ್ನ ಅಪ್ಪ


ಪುಣೆ
೧೦ ಮಾರ್ಚ್ ೨೦೨೫

ಅವ್ವ,

ನಿನಗೇ ಬರೆಯುತ್ತಿದ್ದೇನೆ. ಅಪ್ಪ ಒಡೆದು ಓದುತ್ತಾನೆ, ಓದಲಿ. ಅಪ್ಪ, ನೀನು ಹೊರದಿದ್ದರೆ ಅವಳೇ ಹೊತ್ತುಕೊಂಡು ಹೋಗುತ್ತಿದ್ದಳು. ಬೈಯಲು ನನ್ನ ಹತ್ತಿರ ಏನೂ ಇಲ್ಲ. ಮೊರ ಬೀಸಿದೆಯಲ್ಲ, ಅದು ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇನ್ನು ನಿನ್ನ ಜೊತೆ ಮಾತು ಅವ್ವ.

ನವೆಂಬರಿನಲ್ಲಿ ನಾನೇ ಬರೆದಿದ್ದೆ. ಒಂದು ಊರಿನ ಒಲೆ ಆರಿಸಿದರೆ ಪಕ್ಕದ ಊರಿನಲ್ಲಿ ಹೊತ್ತಿಕೊಳ್ಳುತ್ತದೆ, ಹಿಡಿಯುವುದೇ ಕಷ್ಟ ಎಂದು. ಯಾರು ಯಾರಿಗೋ ಪಾಠ ಹೇಳುವ ಹಾಗೆ ಬರೆದೆ. ನೀನು ಓದಿ ನಕ್ಕಿರಬೇಕು. ಕೊಳ್ಳೇಗಾಲದ ಒಲೆ ಒಡೆದು ನಾನು ಗೆದ್ದು ಬಂದವಳ ಹಾಗೆ ಪುಣೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಹನೂರಿನಲ್ಲಿ ಒಲೆ ಉರಿಯುತ್ತಿತ್ತು. ದೇಶದ ಹೊಗೆಯನ್ನೆಲ್ಲ ಹುಡುಕಿಕೊಂಡು ಹೋದವಳಿಗೆ ನನ್ನವ್ವನ ಹೊಗೆ ಕಾಣಲಿಲ್ಲ. ಗಾಳಿ ಚೆನ್ನಾಗಿದೆ ಎಂದು ನೀನು ಬರೆದೆ, ನಾನು ನಂಬಿದೆ. ಅಕ್ಷರ ಸೊಟ್ಟವಾದದ್ದು ಚಳಿಗೆ ಎಂದೆ, ಅದನ್ನೂ ನಂಬಿದೆ. ಯಾಕೆ ಹೀಗೆ ಮಾಡಿದೆ ಅವ್ವ? ಸೀರೆ ಬೇಡ ಎಂದು ಬಡಕೊಂಡಿದ್ದೆನಲ್ಲ! ಮೊದಲು ಬೇಕು ಎಂದದ್ದನ್ನೇ ಯಾಕೆ ಹಿಡಿದುಕೊಂಡೆ?

ನಮ್ಮ ವರದಿ ಅಚ್ಚಾಗಿದೆ. ಉಟ್ಟವರ ಹೆಸರಿಗೆ ಹೊಗೆ ಬರೆದದ್ದನ್ನು ಎಲ್ಲರೂ ಮೆಚ್ಚಿಕೊಂಡರು. ಒಂದು ಉದಾಹರಣೆ ಹೇಳು ಎಂದರು. ನಾನು ಸೀರೆಯದನ್ನು ಬಿಟ್ಟು ಸಿಮೆಂಟಿನದು ಹೇಳಿದೆ.

ಪಾರ್ಸೆಲ್ ಬಂತು. ಒಂದು ವಾರ ಬಿಚ್ಚದೆ ಇಟ್ಟಿದ್ದೆ. ಇವತ್ತು ಬಿಚ್ಚಿದೆ. ಅರಿಶಿನ ಬಣ್ಣ, ಕೆಂಪಂಚು. ಅಪ್ಪನಿಗೆ ಹೇಳಿದ್ದೆಯಲ್ಲ, ಎಲ್ಲೂ ಗಂಟಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿ ನೋಡಿದೆ. ಆಮೇಲೆ ಮುಖಕ್ಕೆ ಒತ್ತಿಕೊಂಡು ಮೂಸಿದೆ. ನಿನ್ನ ಸೆರಗಿನಲ್ಲಿ ಇರುತ್ತಿದ್ದ ಸೌದೆಯ ವಾಸನೆ, ಬೆಂದ ಗೂಡಿನ ವಾಸನೆ ಒಂದೆಳೆಯಲ್ಲಾದರೂ ಸಿಕ್ಕೀತು ಎಂದು ಮಡಿಕೆ ಮಡಿಕೆ ಬಿಡಿಸಿ ಮೂಸಿದೆ ಅವ್ವ. ಸಿಗಲಿಲ್ಲ. ಮಾವ ನೂಲನ್ನು ಸೋಪಿನ ನೀರಲ್ಲಿ ಕುದಿಸಿ, ಅದರ ಗೋಂದು ತೆಗೆದು, ಬಣ್ಣ ಹಾಕಿ ನೇಯ್ದಿದ್ದಾನೆ. ಹೊಸ ಬಟ್ಟೆಯ ವಾಸನೆ ಮಾತ್ರ ಇದೆ. ಹೊಗೆಗೆ ಬಸ್ಸೂ ಇಲ್ಲ ಎಂದಿದ್ದೆಯಲ್ಲ, ಸೀರೆ ಬಂತು, ಹೊಗೆ ಬರಲಿಲ್ಲ. ಅಷ್ಟನ್ನೂ ನೀನೇ ಇಟ್ಟುಕೊಂಡೆ.

ವೈಶಾಖದಲ್ಲಿ ಇದನ್ನೇ ಉಡುತ್ತೇನೆ. ನಿನ್ನ ಒಲೆಯ ಹೊಗೆ ನಿನ್ನದಲ್ಲ, ಉಟ್ಟವಳದು ಎಂದು ಈ ಕೈಯಲ್ಲೇ ಬರೆದಿದ್ದೆ. ಆ ಯಾವಳೋ ಮುಂಬೈಯವಳಲ್ಲ ಅವ್ವ, ಉಟ್ಟವಳು ನಾನು.

ನಿನ್ನ ಮಗಳು,
ಇಂಚರ